ಬೀರು ಜರುಗಿಸುವ ಮೊದಲು ತಕ್ಕಡಿ ಹಾಕಿ ನೋಡಿದ್ದು

ಭಾರದ ಬೀರು ಜರುಗಿಸಲು ತೋಳಲ್ಲಿ ಎಷ್ಟು ಕಸುವಿದೆ ಎನ್ನುವುದಕ್ಕಿಂತ, ಎಲ್ಲಿ ಕೈಯಿಟ್ಟು ಎತ್ತ ನೂಕುತ್ತೇವೆ ಎನ್ನುವುದೇ ಮುಖ್ಯ. ಇದನ್ನು ಅಂದಾಜಿಗೆ ಬಿಡದೆ, ಪುಸ್ತಕ ತುಂಬಿದ 20 ಕೆಜಿಯ ಮರದ ಪೆಟ್ಟಿಗೆಯಲ್ಲಿ ಮೊದಲು ಅಳೆದುಕೊಂಡೆ. ಪೆಟ್ಟಿಗೆಗೆ ಹಗ್ಗ ಕಟ್ಟಿ, ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ನೆಲಕ್ಕೆ ಸಮನಾಗಿ ನಿಧಾನಕ್ಕೆ ಎಳೆದರೆ ಮುಳ್ಳು 8 ಕೆಜಿಗೆ ಏರಿತು. ಪೆಟ್ಟಿಗೆ ಕದಲಿದೊಡನೆ 6ಕ್ಕೆ ಇಳಿಯಿತು. ನಿಂತದ್ದನ್ನು ಕದಲಿಸುವಾಗಿನ ಘರ್ಷಣೆ ಸಾಮಾನ್ಯವಾಗಿ ಜಾಸ್ತಿ. ನಡುನಡುವೆ ನಿಲ್ಲಿಸಿದರೆ ಪ್ರತಿ ಸಲವೂ ಆ 8 ಕೆಜಿ ಬಲ ಹಾಕಬೇಕು. ಗಕ್ಕನೆ ಜಗ್ಗಿದರೆ ಅಳತೆಯೇ ತಪ್ಪುತ್ತದೆ.

ಪೆಟ್ಟಿಗೆಯನ್ನು ಕಿರಿದಾದ ಮಗ್ಗುಲಿಗೆ ಮಲಗಿಸಿದರೂ ಮುಳ್ಳು ಹೆಚ್ಚುಕಡಿಮೆ ಅಲ್ಲೇ ನಿಂತಿತು. ಘರ್ಷಣೆ ತಗಲುವ ಜಾಗದ ಅಗಲವನ್ನಲ್ಲ, ಒತ್ತುವ ಭಾರವನ್ನು ನೋಡುತ್ತದೆ ಎಂದು ಫ್ರಾನ್ಸಿನ ವಿಜ್ಞಾನಿ ಅಮೊಂಟನ್ಸ್ 1699ರಲ್ಲೇ ಹೇಳಿದ್ದ.

8ನ್ನು 20ರಿಂದ ಭಾಗಿಸಿದರೆ 0.4, ಇದೇ ಘರ್ಷಣಾ ಗುಣಾಂಕ, ಅಂದರೆ ಕದಲಿಸಲು ಭಾರದ ಎಷ್ಟು ಪಾಲು ಬಲ ಬೇಕೆನ್ನುವ ಅಳತೆ. ಇದು ಕೈಗೆ ಸಿಕ್ಕರೆ ಮಿಕ್ಕದ್ದೆಲ್ಲ ಲೆಕ್ಕ. ಮೇಲಿನಿಂದ ಬಾಗಿ 30 ಡಿಗ್ರಿ ಇಳಿಜಾರಾಗಿ ನೂಕಿದರೆ ನಮ್ಮ ಬಲದಲ್ಲೇ ಒಂದು ಪಾಲು ಪೆಟ್ಟಿಗೆಯನ್ನು ನೆಲಕ್ಕೆ ಒತ್ತುತ್ತದೆ; 8ರ ಬದಲು 12 ಕೆಜಿ ಬೇಕು. ಅದೇ ಕೋನದಲ್ಲಿ ಹಗ್ಗವನ್ನು ಮೇಲ್ಮುಖವಾಗಿ ಎಳೆದರೆ ಏಳೂವರೆ ಸಾಕು.

ಬೀರುವಿನಲ್ಲಿ ನಿಜವಾದ ಅಪಾಯ ಮಗುಚುವುದು. ಸರಕು ಸಮನಾಗಿ ತುಂಬಿದ, 45 ಸೆಂ.ಮೀ. ಆಳದ ಬೀರುವನ್ನು ಹಿಂದಕ್ಕೆ ನೂಕುವಾಗ, ಅದರ ಗುಣಾಂಕವೂ ಪೆಟ್ಟಿಗೆಯಷ್ಟೇ ಎಂದುಕೊಂಡು, ಆಳದ ಅರ್ಧವನ್ನು, ಅಂದರೆ 22.5ನ್ನು, 0.4ರಿಂದ ಭಾಗಿಸಿ: 56 ಸೆಂ.ಮೀ. ಅದಕ್ಕಿಂತ ಮೇಲೆ ಕೈಯಿಟ್ಟರೆ ಬೀರು ಜಾರುವ ಮೊದಲೇ ವಾಲುತ್ತದೆ. ಎದೆಮಟ್ಟಕ್ಕೆ ಕೈಯಿಟ್ಟು ನೂಕುವ ಅಭ್ಯಾಸ ಬಿಡಲೇಬೇಕು. ಮಂಡಿ ಬಗ್ಗಿಸಿ, ಕೆಳಗಿನ ಖಾನೆಯ ಮಟ್ಟದಲ್ಲಿ ನೂಕಿ. ಮೇಲಿನ ಖಾನೆಗಳನ್ನು ಮೊದಲೇ ಖಾಲಿ ಮಾಡಿ.

ಕಾಲುಗಳ ಕೆಳಗೆ ಮಡಿಸಿದ ಕಂಬಳಿ ತೂರಿಸಿದರೆ ನುಣುಪು ನೆಲದಲ್ಲಿ ಕೆಲಸ ಬಹಳ ಹಗುರ. ಅದಕ್ಕೂ ಮೊದಲು ನೆಲ ಗುಡಿಸಿ. ಒಂದು ಮರಳಿನ ಹರಳು ಸಿಕ್ಕರೂ ಉದ್ದಕ್ಕೆ ಗೀರು ಬೀಳುತ್ತದೆ. ನಮ್ಮ ಪಾದಕ್ಕೆ ಮಾತ್ರ ಘರ್ಷಣೆ ಬೇಕೇ ಬೇಕು: ಕಾಲುಚೀಲ ಕಳಚಿ, ಬರಿಗಾಲಲ್ಲೋ ರಬ್ಬರ್ ಅಡಿಯ ಚಪ್ಪಲಿಯಲ್ಲೋ ನಿಲ್ಲಿ. ಇಲ್ಲದಿದ್ದರೆ ಬೀರು ನಿಂತಲ್ಲೇ ಇರುತ್ತದೆ, ನಾವು ಹಿಂದೆ ಜಾರುತ್ತೇವೆ.

ಕಾಲು ಹೊಸ್ತಿಲಿಗೋ ಟೈಲ್ಸ್ ಸಂದಿಗೋ ಸಿಕ್ಕಿಕೊಂಡರೆ ಈ ಲೆಕ್ಕ ನಡೆಯದು. ಅಲ್ಲಿ ತಡೆಯುತ್ತಿರುವುದು ಘರ್ಷಣೆಯಲ್ಲ, ಅಂಚು. ಇನ್ನಷ್ಟು ಬಲ ಹಾಕಿದರೆ ಬೀರು ಉರುಳುತ್ತದೆ. ಒಂದಿಂಚು ಹಿಂದೆಳೆದು, ಆ ಕಾಲನ್ನು ಎತ್ತಿ ಹಲಗೆ ಕೊಟ್ಟು ದಾಟಿಸಿ.