ಹುಳುಮನೆಯ ರಾತ್ರಿಗೊಂದು ಫ್ಲಾಸ್ಕು

ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರಲ್ಲಿ ರೇಷ್ಮೆ ಹುಳು ಸಾಕದ ಮನೆ ಕಡಿಮೆ. ನಮ್ಮ ಹುಳುಮನೆ ಇರುವುದು ಊರಾಚೆ, ಹಿಪ್ಪುನೇರಳೆ ತೋಟದಲ್ಲಿ. ನಾಲ್ಕನೇ ಜ್ವರದಿಂದ (ಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಎನ್ನುತ್ತೇವೆ) ಹುಳು ಎದ್ದ ಮೇಲೆ ಒಂದು ವಾರ ರಾತ್ರಿ ಹತ್ತಕ್ಕೆ ಸೊಪ್ಪು, ಬೆಳಗಿನ ಜಾವ ಐದಕ್ಕೆ ಮತ್ತೆ ಸೊಪ್ಪು. ಹುಳು ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ರಾತ್ರಿಯಂತೂ ಯಾರೂ ಮಲಗುವ ಹಾಗಿಲ್ಲ. ಏಳೆಂಟು ಜನ ಆಳುಗಳು ಕೂತು ಹಣ್ಣು ಹುಳು ಆರಿಸಿ, ಅವು ಗೂಡು ಕಟ್ಟುವ ಚಂದ್ರಿಕೆ ತಟ್ಟೆಗೆ ಬಿಡುತ್ತಿರಬೇಕು. ಅವರಿಗೆ ಹೊತ್ತು ಹೊತ್ತಿಗೆ ಟೀ ಕೊಡದಿದ್ದರೆ ಕೈ ಓಡುವುದಿಲ್ಲ. ಹುಳುಮನೆ ಪಕ್ಕದಲ್ಲೇ ಒಲೆ ಹಚ್ಚೋಣ ಎಂದರೆ ಹೊಗೆ, ಘಾಟು ಹುಳುವಿಗೆ ಆಗದು. ಬೀಡಿ ಸೇದಿದ ಕೈಯಲ್ಲಿ ಸೊಪ್ಪು ಮುಟ್ಟಲೂ ನಾವು ಬಿಡುವುದಿಲ್ಲ. ಹಾಗಾಗಿ ಹದಿನಾರು ವರ್ಷದಿಂದ ಟೀ ಹೋಗುವುದು ಮನೆಯಿಂದ, ಫ್ಲಾಸ್ಕಿನಲ್ಲಿ.

ನಾನು ಈ ಮನೆಗೆ ಬಂದಾಗ ಅತ್ತೆಯ ಕಾಲದ ಗಾಜಿನ ಫ್ಲಾಸ್ಕಿತ್ತು. ಬಿಸಿ ಹಿಡಿಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ ಎಂದು ಈಗಲೂ ಹೇಳುತ್ತೇನೆ. ಒಂದು ಮಳೆಗಾಲದ ರಾತ್ರಿ ಸೈಕಲ್ ಹ್ಯಾಂಡಲ್‌ನಿಂದ ಜಾರಿ ಗದ್ದೆ ಬದುವಿಗೆ ಬಿತ್ತು. ಹೊರಗೆ ಒಂದು ಗೀರೂ ಇಲ್ಲ. ಎತ್ತಿ ಅಲ್ಲಾಡಿಸಿದರೆ ಒಳಗೆ ಗಾಜಿನ ಬಳೆ ಚೂರು ಉರುಳಿದ ಸದ್ದು. ಟೀ ಬಗ್ಗಿಸಿದಾಗ ಬೆಳ್ಳಿ ಬಣ್ಣದ ಪುಡಿ ತೇಲಿ ಬಂತು. ಆ ಟೀ ಯಾರಿಗೂ ಕೊಡಲಿಲ್ಲ, ಮಣ್ಣಿಗೆ ಚೆಲ್ಲಿಬಿಟ್ಟೆ. ಗಾಜಿನ ರೀಫಿಲ್ ಸಿಗುತ್ತದೆ ನಿಜ, ಆದರೆ ತೋಟದ ದಾರಿಗೆ ಗಾಜು ಹೊಂದುವುದಿಲ್ಲ. ಅಡುಗೆಮನೆಯ ಕಟ್ಟೆ ಮೇಲೆ ಕದಲದೆ ಇರುತ್ತದೆ ಅಂದರೆ ಮಾತ್ರ ಗಾಜಿನದು ತಗೊಳ್ಳಿ.

ಆಮೇಲೆ ಜಾತ್ರೆಯ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಒಂದು ತಂದೆ. ಹೊರಗೆ ಪ್ಲಾಸ್ಟಿಕ್, ಒಳಗೆ ಸ್ಟೀಲ್. ಹತ್ತು ಗಂಟೆಗೆ ತುಂಬಿದ ಟೀ ಒಂದು ಗಂಟೆಗೆಲ್ಲ ಉಗುರು ಬೆಚ್ಚಗಾಗಿತ್ತು. ಅದರ ಎರಡು ಗೋಡೆಗಳ ನಡುವೆ ಇದ್ದದ್ದು ಬರೀ ಫೋಮು, ಗಾಳಿಯನ್ನೆಲ್ಲ ಹೊರತೆಗೆದ ನಿರ್ವಾತವಲ್ಲ. ನೋಡಲು ಎರಡೂ ಒಂದೇ ಥರ, ಅಂಗಡಿಯವರು ಎರಡನ್ನೂ ಫ್ಲಾಸ್ಕ್ ಅಂತಲೇ ಕೊಡುತ್ತಾರೆ. ಪೆಟ್ಟಿಗೆಯ ಮೇಲೆ ವ್ಯಾಕ್ಯೂಮ್ (ನಿರ್ವಾತ) ಎಂದು ಬರೆದಿದೆಯೇ, ಐಎಸ್‌ಐ ಮುದ್ರೆ ಇದೆಯೇ ಎಂದು ನೋಡದೆ ದುಡ್ಡು ಕೊಡಬೇಡಿ.

ನಿರ್ವಾತ ಯಾಕೆ ಬೇಕು ಎಂದು ನನಗೆ ಬಿಡಿಸಿ ಹೇಳಿದ್ದು ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದ ಮಗಳು. 1892ರಲ್ಲಿ ಜೇಮ್ಸ್ ಡಿವಾರ್ ಎಂಬ ವಿಜ್ಞಾನಿ ಇದನ್ನು ಮಾಡಿದ್ದು ಟೀಗಲ್ಲವಂತೆ, ತೀರಾ ತಣ್ಣಗಿನ ದ್ರವ ಅನಿಲಗಳನ್ನು ಕಾಪಾಡಲು. ಗೋಡೆಗಳ ನಡುವೆ ಗಾಳಿಯೇ ಇಲ್ಲದಿದ್ದರೆ ಶಾಖ ದಾಟಲು ದಾರಿಯಿಲ್ಲ. ಬೆಳಕಿನಂತೆ ಹೊರಡುವ ಶಾಖವನ್ನು ಬೆಳ್ಳಿಯಂಥ ಹೊಳಪು ಹಿಂದಕ್ಕೆ ತಳ್ಳುತ್ತದೆ. 'ಹಂಗಾದ್ರೆ ಎಲ್ಲಿಂದ ಆರುತ್ತೆ?' ಎಂದೆ. 'ಬಾಯಿಂದಮ್ಮಾ' ಅಂದಳು. ಅವತ್ತಿಂದ ನಾನು ಫ್ಲಾಸ್ಕಿನ ಮೈ ನೋಡುವುದಕ್ಕಿಂತ ಬಾಯಿ, ಮುಚ್ಚಳ ನೋಡುವುದೇ ಹೆಚ್ಚು. ಬಾಯಿ ಕಿರಿದಿರಬೇಕು, ಆದರೆ ಬಾಟಲಿ ತೊಳೆಯುವ ಬ್ರಷ್ ಇಳಿಯಬೇಕು. ಮುಚ್ಚಳ ದಪ್ಪಗಿರಬೇಕು, ಅದರ ರಬ್ಬರ್ ವಾಷರ್ ಬಿಚ್ಚಿ ಹಾಕುವಂತಿರಬೇಕು. ಬಿಚ್ಚಲು ಬಾರದ ವಾಷರಿನ ಸಂದಿಯಲ್ಲಿ ಹಾಲಿನ ಕೆನೆ ಕೂತು ನಾರುವುದು ಎಷ್ಟು ಉಜ್ಜಿದರೂ ಹೋಗದು. ಒತ್ತಿದರೆ ಬರುವ ಪಂಪಿನ ಫ್ಲಾಸ್ಕನ್ನೂ ನಾನು ಬಿಟ್ಟದ್ದು ಇದಕ್ಕೇ. ಬಿಸಿನೀರಿಗೆ ಅದು ಚೆನ್ನ. ಹಾಲಿನ ಟೀಗೆ ಅದರ ಕೊಳವೆ ತೊಳೆಯುವುದು ಆಗದ ಕೆಲಸ.

ಈಗಿರುವ ಸ್ಟೀಲಿನದನ್ನು ಚಿಕ್ಕಬಳ್ಳಾಪುರದ ಪಾತ್ರೆ ಅಂಗಡಿಯಲ್ಲಿ ತಗೊಂಡೆ. ಪಕ್ಕದ ಹೋಟೆಲಿನಿಂದ ಕುದಿಯುವ ನೀರು ತರಿಸಿ ತುಂಬಿಸಿ ಹತ್ತು ನಿಮಿಷ ಇಡಿ ಅಂದೆ. ಅಂಗಡಿಯಣ್ಣ ಬೇಸರ ಮಾಡಿಕೊಳ್ಳಲಿಲ್ಲ. ಮೊದಲನೆಯದರ ಸೊಂಟದ ಹತ್ತಿರ ಅಂಗೈಗೆ ಬೆಚ್ಚಗೆ ತಗುಲಿತು. ಅಂದರೆ ನಿರ್ವಾತ ಹೋಗಿದೆ, ಹೊಸದಾದರೂ ಪ್ರಯೋಜನವಿಲ್ಲ. ಎರಡನೆಯದು ಕುತ್ತಿಗೆಯ ಹತ್ತಿರ ಬಿಟ್ಟರೆ ಮೈಯೆಲ್ಲ ತಣ್ಣಗಿತ್ತು. ಅಡ್ಡ ಮಲಗಿಸಿದೆ, ಒಂದು ತೊಟ್ಟೂ ಸೋರಲಿಲ್ಲ. ಅದನ್ನೇ ಕಟ್ಟಿಸಿಕೊಂಡು ಬಂದೆ.

'24 ಗಂಟೆ ಬಿಸಿ' ಎಂಬ ಬರಹವನ್ನು ನಾನು ನಂಬಿಕೊಂಡು ಕೂರಲಿಲ್ಲ. ಮಗಳು 110 ಡಿಗ್ರಿ ಸೆಲ್ಸಿಯಸ್‌ವರೆಗೆ ತೋರಿಸುವ ಥರ್ಮಾಮೀಟರ್ ತಂದಳು. ನಮ್ಮ ಊರು ಎತ್ತರದಲ್ಲಿರುವುದರಿಂದ ನೀರು ಕುದಿಯುವುದೇ ಸುಮಾರು 97ಕ್ಕೆ. ರಾತ್ರಿ ಹತ್ತಕ್ಕೆ ಒಂದು ಲೀಟರಿನದನ್ನೂ ಅರ್ಧ ಲೀಟರಿನದನ್ನೂ ಕುದಿನೀರಿನಿಂದ ಭರ್ತಿ ಮಾಡಿ, ಬೆಳಿಗ್ಗೆ ಐದಕ್ಕೆ ತೆಗೆದೆವು. ದೊಡ್ಡದರಲ್ಲಿ 76, ಚಿಕ್ಕದರಲ್ಲಿ 67. ಇನ್ನೊಂದು ರಾತ್ರಿ ದೊಡ್ಡದನ್ನೇ ಅರ್ಧ ತುಂಬಿಸಿಟ್ಟರೆ 63ಕ್ಕೆ ಇಳಿದಿತ್ತು. ಫ್ಲಾಸ್ಕ್ ಒಂದೇ, ತುಂಬಿಸಿದ್ದರಲ್ಲೇ ವ್ಯತ್ಯಾಸ. ಆದ್ದರಿಂದ ಎಷ್ಟು ಟೀ ಬೇಕೋ ಅಷ್ಟೇ ಅಳತೆಯದು ತಗೊಳ್ಳಿ. ದೊಡ್ಡದಿರಲಿ ಎಂದು ತಂದು ಅರ್ಧ ತುಂಬಿಸಿದರೆ ನಷ್ಟ. ಟೀ ಹಾಕುವ ಮುಂಚೆ ಕುದಿನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿದರೆ ಇನ್ನೂ ಮೇಲು. ತಣ್ಣಗಿನ ಸ್ಟೀಲು ಟೀಯ ಬಿಸಿಯನ್ನು ಮೊದಲು ತಾನೇ ಹೀರುತ್ತದೆ.

ಹಾಲಿನ ಟೀ ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಹತ್ತಕ್ಕೆ ಮಾಡಿದ್ದು ಹನ್ನೆರಡರೊಳಗೆ ಖಾಲಿಯಾಗಬೇಕು. ಪದೇ ಪದೇ ತೆಗೆದು ಬಗ್ಗಿಸುತ್ತಿದ್ದರೆ ಬಿಸಿ 60ಕ್ಕಿಂತ ಕೆಳಗೆ ಬರುತ್ತದೆ, ಆ ಬೆಚ್ಚಗಿನಲ್ಲಿ ಹಾಲು ಬೇಗ ಕೆಡುತ್ತದೆ. ಒಮ್ಮೆ ಜಾವದಲ್ಲಿ ಉಳಿದ ಟೀ ಕುಡಿದು ಇಬ್ಬರು ಹೆಣ್ಣಾಳುಗಳಿಗೆ ಹೊಟ್ಟೆ ಕೆಟ್ಟಿತು. ಆ ದಿನ ಅವರ ಕೂಲಿ ತಪ್ಪಿಸಲಿಲ್ಲ ನಾವು, ಆದರೂ ಅವರ ಮುಖ ನನಗೆ ಇವತ್ತಿಗೂ ಕಣ್ಣಮುಂದಿದೆ. ಅಲ್ಲಿಂದ ಎರಡು ಫ್ಲಾಸ್ಕ್ ಮಾಡಿದೆ. ದೊಡ್ಡದು ಹಾಲಿನ ಟೀಗೆ, ರಾತ್ರಿಯ ಪಾಳಿಗೆ. ಇನ್ನೊಂದರಲ್ಲಿ ಒಣಶುಂಠಿ, ಮೆಣಸು, ಬೆಲ್ಲ ಹಾಕಿ ಕುದಿಸಿದ ಕಷಾಯ. ಅದು ಐದು ಗಂಟೆಗೆ ತೆಗೆದರೂ ಕೆಟ್ಟಿರುವುದಿಲ್ಲ, ಗಂಟಲಿಗೂ ಹಿತ.

ತೊಳೆಯಲು ಒಂದು ಚಮಚ ಅಡುಗೆ ಸೋಡಾ, ಮೇಲೆ ಬಿಸಿನೀರು, ಒಂದು ಗಂಟೆ ನೆನೆಯಲಿ. ಟೀ ಕಲೆ ತಾನೇ ಬಿಡುತ್ತದೆ. ತಂತಿಯ ನಾರು ಹಾಕಿ ಉಜ್ಜಬೇಡಿ, ಗೀರಾದ ಕಡೆ ಕಲೆ ಕಚ್ಚಿ ಕೂರುತ್ತದೆ. ಮುಚ್ಚಿಡಲೂಬೇಡಿ. ನಮ್ಮನೆಯಲ್ಲಿ ಬೆಳೆ ಮುಗಿದು ಗೂಡು ಮಾರುಕಟ್ಟೆಗೆ ಹೋದ ಮೇಲೆ ಎರಡು ಫ್ಲಾಸ್ಕೂ ಮುಚ್ಚಳ ಬಿಚ್ಚಿಕೊಂಡು, ವಾಷರ್ ಪಕ್ಕದಲ್ಲಿಟ್ಟುಕೊಂಡು, ಮುಂದಿನ ಚಾಕಿ (ಮರಿಹುಳು) ಬರುವವರೆಗೆ ಜಗಲಿಯ ಗೂಡಿನಲ್ಲಿ ಬೋರಲು ಮಲಗಿರುತ್ತವೆ.