ಚೂರು ಬಟ್ಟೆಯ ಗೋಣಿ ಬಿಚ್ಚಿದ ಮೇಲೆ

ನಮ್ಮನೆ ಇರುದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಬದಿಯಲ್ಲಿ. ಮದುವೆ ಆಗಿ ಇಲ್ಲಿಗೆ ಬಂದ ಮೇಲೆ ಹೊಲಿಗೆ ಸುರು ಮಾಡಿದ್ದು, ಈಗ ಹದಿನೆಂಟು ವರ್ಷ ಆಯ್ತು. ರವಿಕೆ, ಚೂಡಿದಾರ, ಶಾಲೆ ಮಕ್ಕಳ ಯೂನಿಫಾರ್ಮು, ಸೀರೆಗೆ ಫಾಲ್ ಇಡುದು, ಇಷ್ಟೇ ನನ್ನ ಕೆಲಸ. ಹೊಲಿದು ದೊಡ್ಡ ತುಂಡು ಉಳಿದ್ರೆ ಗಿರಾಕಿಗೇ ವಾಪಸ್ ಕೊಡ್ತೇನೆ, ಅದು ಅವರದ್ದು. ಆದ್ರೆ ಕಂಕುಳ ತಿರುಗಿಸಿ ಕತ್ತರಿಸುವಾಗ ಬೀಳುವ ಬಾಳೆಹಣ್ಣಿನ ಹಾಗಿನ ಚೂರು, ಕುತ್ತಿಗೆಯ ಅರ್ಧ ಚಂದ್ರ, ಲೈನಿಂಗಿನ ಪಟ್ಟಿ, ಇದನ್ನೆಲ್ಲ ಯಾರೂ ಕೇಳುದಿಲ್ಲ. ನನಗೆ ಬಿಸಾಡ್ಲಿಕ್ಕೂ ಮನಸ್ಸು ಬರ್ತಿರ್ಲಿಲ್ಲ. ಮಿಷನಿನ ಅಡಿಯಲ್ಲಿ ಒಂದು ಅಕ್ಕಿ ಗೋಣಿ, ಅದಕ್ಕೆ ತುಂಬ್ಸುದು, ತುಂಬಿದ ಮೇಲೆ ಅಟ್ಟಕ್ಕೆ ಹಾಕುದು. ಹೀಗೆ ಮೂರು ಗೋಣಿ ಆಗಿತ್ತು.

2020ರ ಮಾರ್ಚಲ್ಲಿ ಲಾಕ್‌ಡೌನ್ ಆಗಿ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದ್ರಲ್ಲ, ಆ ದಿನಗಳು ನಮ್ಮ ಕಡೆಯವರಿಗೆ ಮರೆಯುದಿಲ್ಲ. ಆಸ್ಪತ್ರೆಗೂ ಮಂಗಳೂರು, ಬಟ್ಟೆಗೂ ಮಂಗಳೂರು ಅಂತ ಅಭ್ಯಾಸ ಆದವರು ನಾವು. ಹೊಸ ಬಟ್ಟೆ ಬರುದಿಲ್ಲ, ಹೊಲಿಯುವ ಆರ್ಡರೂ ಇಲ್ಲ, ಎಲ್ಲರೂ ಕೇಳುದು ಮಾಸ್ಕು ಮಾತ್ರ. ಆಗ ಅಟ್ಟದಿಂದ ಗೋಣಿ ಇಳಿಸಿದೆ. ಎರಡು ಸರಿ ಇತ್ತು, ಮೂರನೆಯದ್ದು ಬಿಚ್ಚಿದ್ರೆ ಬೂಷ್ಟು ಹಿಡಿದ ವಾಸನೆ, ಹಂಚಿನ ಸಂದಿಯಿಂದ ನೀರು ಬಿದ್ದು ಅಡಿಯ ಬಟ್ಟೆ ಎಲ್ಲ ಕಪ್ಪು ಚುಕ್ಕೆ ಆಗಿ ಹೋಗಿತ್ತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರಲ್ಲಿ ಬಟ್ಟೆಯನ್ನು ಕಟ್ಟಿ ಅಟ್ಟದಲ್ಲಿ ಇಟ್ಟ್ರೆ ಇನ್ನೆಂತ ಆಗುದು. ಒಳ್ಳೊಳ್ಳೆ ಕಾಟನ್ ತುಂಡುಗಳು, ನನಗೆ ಅಳುವೇ ಬಂತು. ತೆಗೆದಿಡುದು ಉಳಿಸಿದ ಹಾಗೆ ಆಗುದಿಲ್ಲ, ಹೊಲಿದ್ರೆ ಮಾತ್ರ ಉಳಿಯುದು ಅಂತ ಅವತ್ತೇ ನಿಶ್ಚಯ ಮಾಡಿದೆ.

ಮೊದಲ ಕೆಲಸ ಬೇರೆ ಬೇರೆ ಮಾಡುದು. ಬಣ್ಣ ನೋಡಿ ಅಲ್ಲ, ಬಟ್ಟೆ ಎಂತದ್ದು ಅಂತ ನೋಡಿ. ಕೈಯಲ್ಲಿ ಮುಟ್ಟಿದ್ರೆ ಸಾಧಾರಣ ಗೊತ್ತಾಗ್ತದೆ, ಆದ್ರೆ ಈಗಿನ ಮಿಕ್ಸ್ ಬಟ್ಟೆಗಳಲ್ಲಿ ಕೈಗೂ ಮೋಸ ಆಗ್ತದೆ. ಅಂಚಿನಿಂದ ನಾಲ್ಕು ನೂಲು ಎಳೆದು ಇಕ್ಕಳದಲ್ಲಿ ಹಿಡಿದು ದೀಪಕ್ಕೆ ತೋರಿಸ್ಬೇಕು. ಕಾಟನ್ ಆದ್ರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಆಗ್ತದೆ, ಬೆರಳಲ್ಲಿ ಉಜ್ಜಿದ್ರೆ ಪುಡಿ. ಪಾಲಿಸ್ಟರ್ ಆದ್ರೆ ಬೆಂಕಿ ಕಂಡ ಕೂಡ್ಲೆ ಹಿಂದೆ ಸರಿದು ಮುದುಡಿ ತುದಿಯಲ್ಲಿ ಸಾಸಿವೆ ಹಾಗಿನ ಗಟ್ಟಿ ಗುಂಡು ಆಗ್ತದೆ, ಉಜ್ಜಿದ್ರೆ ಪುಡಿ ಆಗುದಿಲ್ಲ. ಎರಡೂ ಆದ್ರೆ ಮಿಕ್ಸ್.

ಇದನ್ನು ಯಾಕೆ ಇಷ್ಟು ಹೇಳ್ತೇನೆ ಅಂದ್ರೆ ನಾನು ಮೊದಲು ಹೊಲಿದದ್ದು ಮಸಿ ಅರಿವೆ, ಒಲೆಯಿಂದ ಬಿಸಿ ಪಾತ್ರೆ ಇಳಿಸ್ಲಿಕ್ಕೆ. ಚಂದ ಕಾಣ್ಲಿ ಅಂತ ಮೇಲೆ ಒಂದು ಹೊಳೆಯುವ ನೀಲಿ ತುಂಡು ಹಾಕಿದ್ದೆ, ಚೂಡಿದಾರದ್ದು, ಪಾಲಿಸ್ಟರ್ ಅಂತ ನೋಡ್ಲಿಲ್ಲ. ಅತ್ತೆ ನೀರುದೋಸೆ ಎರೆದು ಆದ ಮೇಲೆ ಕಾವಲಿ ಇಳಿಸ್ಲಿಕ್ಕೆ ಅದನ್ನೇ ಹಿಡಿದ್ರು, ಚುರ್ ಅಂತ ಬಟ್ಟೆ ಕರಗಿ ಕಾವಲಿಯ ಹಿಡಿಗೆ ಅಂಟಿತು. ಅತ್ತೆಯ ಬೆರಳಿಗೆ ತಾಗ್ಲಿಲ್ಲ, ದೇವರು ದೊಡ್ಡವನು. ಪಾಲಿಸ್ಟರ್ ಸುಮಾರು 250 ಡಿಗ್ರಿಯ ಹತ್ರ ಕರಗುವ ವಸ್ತು, ಖಾಲಿ ಕಾವಲಿ ಒಲೆಯಲ್ಲಿ ಅಷ್ಟು ಕಾಯ್ಲಿಕ್ಕೆ ಹೆಚ್ಚು ಹೊತ್ತು ಬೇಡ. ಅಂದಿನಿಂದ ಅಡುಗೆಮನೆಗೆ ಹೋಗುವ ಯಾವುದಕ್ಕೂ ಪೂರ್ತಿ ಕಾಟನ್ ಬಿಟ್ಟು ಬೇರೆ ಹಾಕುದಿಲ್ಲ, ನೂಲು ಸಹ ಕಾಟನ್. ಈಗ ಮಾಡುದು ಎಂಟು ಇಂಚಿನ ಚೌಕ, ಹೊರಗೆ ಎರಡು ಕಡೆ ರವಿಕೆ ಪೀಸಿನ ಚೂರು ಸೇರಿಸಿ, ಒಳಗೆ ಹಳೆ ಬೈರಾಸು, ಅಂದ್ರೆ ಮೈ ಒರೆಸುವ ಬಟ್ಟೆ, ಎರಡು ಪದರ. ಒಂದು ಮೂಲೆಗೆ ಮೊಳೆಯಲ್ಲಿ ನೇತುಹಾಕ್ಲಿಕ್ಕೆ ಬಟ್ಟೆ ನೇಯುವಾಗಲೇ ಬಂದ ಗಟ್ಟಿ ಅಂಚಿನ ಪಟ್ಟಿ, ಆ ಅಂಚು ನೂಲು ಬಿಡುದಿಲ್ಲ, ಮಡಚುವ ಕೆಲಸವೂ ಇಲ್ಲ. ಮತ್ತೆ ಒಂದು, ಚಂಡಿ ಅಂದ್ರೆ ಒದ್ದೆ ಅರಿವೆಯಲ್ಲಿ ಬಿಸಿ ಪಾತ್ರೆ ಹಿಡಿಯಬೇಡಿ, ಬಿಸಿ ಕೂಡ್ಲೆ ಕೈಗೆ ಬರ್ತದೆ, ಅದಕ್ಕೆ ಮನೆಯಲ್ಲಿ ಮೂರು ನಾಲ್ಕು ಇದ್ರೆ ಒಳ್ಳೆದು.

ಆಮೇಲೆ ಚೀಲ. ಕೇರಳದಲ್ಲಿ 2020 ಜನವರಿ 1ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ನಿಷೇಧ ಆದದ್ದು, ಆಗಿನಿಂದ ಪೇಟೆಗೆ ಹೋಗುವವರಿಗೆಲ್ಲ ಕೈಚೀಲ ಬೇಕು. ಪರದೆ ಬಟ್ಟೆ, ಜೀನ್ಸ್ ಪ್ಯಾಂಟಿನ ಕಾಲು, ಯೂನಿಫಾರ್ಮಿನ ದಪ್ಪ ತುಂಡು ಇದಕ್ಕೆ ಒಳ್ಳೆದು. ಜೀನ್ಸಿಗೆ 16 ನಂಬ್ರದ ಸೂಜಿ ಹಾಕ್ಬೇಕು, ರವಿಕೆಗೆ ಹಾಕುವ ಸೂಜಿಯಲ್ಲಿ ಹೋದ್ರೆ ಹೊಲಿಗೆ ತಪ್ಪಿ ತಪ್ಪಿ ಬೀಳ್ತದೆ, ಕಡೆಗೆ ಸೂಜಿಯೇ ತುಂಡಾಗ್ತದೆ. ಬದಿ ಮತ್ತೆ ಅಡಿ ಹೊಲಿದ ಮೇಲೆ ಅಡಿಯ ಎರಡು ಮೂಲೆಯಲ್ಲಿ ಎರಡೆರಡು ಇಂಚಿನ ಚೌಕ ಕತ್ತರಿಸಿ, ಆ ಬಾಯಿಯನ್ನು ಅಡ್ಡ ಹಿಡಿದು ಹೊಲಿದ್ರೆ ಚೀಲಕ್ಕೆ ನಾಲ್ಕು ಇಂಚಿನ ತಳ ಬರ್ತದೆ, ನೆಲದಲ್ಲಿ ಇಟ್ಟ್ರೆ ನಿಲ್ತದೆ. ಹಿಡಿಗೆ ನಾಲ್ಕು ಇಂಚು ಅಗಲದ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಒಂದು ಇಂಚು ಮಾಡ್ಬೇಕು.

ನನ್ನ ಮೊದಲ ಚೀಲದ ಹಿಡಿ ನಡು ಪೇಟೆಯಲ್ಲಿ ಕಿತ್ತು ಬಂತು, ಹತ್ತಿರದ ಮನೆಯ ಹುಡುಗಿ ತೆಕ್ಕೊಂಡು ಹೋಗಿದ್ದಳು, ಬಂದು ಬೇಜಾರಲ್ಲೇ ಹೇಳಿದಳು "ಚೇಚಿ, ಈರುಳ್ಳಿ ಎಲ್ಲ ರೋಡಲ್ಲಿ ಉರುಳಿತು" ಅಂತ, ಚೇಚಿ ಅಂದ್ರೆ ಮಲಯಾಳದಲ್ಲಿ ಅಕ್ಕ. ನೋಡಿದ್ರೆ ಹಿಡಿ ಗಟ್ಟಿಯೇ ಉಂಟು, ಹಿಡಿ ಕೂತ ಜಾಗದ ಬಟ್ಟೆ ಹರಿದದ್ದು, ಯಾಕೆಂದ್ರೆ ಅಲ್ಲಿ ಒಂದೇ ಪದರ ಇತ್ತು, ನಾನು ಅಡ್ಡಕ್ಕೆ ಒಂದು ಹೊಲಿಗೆ ಮಾತ್ರ ಹಾಕಿದ್ದೆ, ಪೂರ್ತಿ ಭಾರ ಆ ಒಂದು ಗೆರೆಗೆ ಬಿದ್ದಿತ್ತು. ಈಗ ಬಾಯಿಯನ್ನು ಎರಡು ಸಲ ಮಡಚಿ, ಒಳಗಿನಿಂದ ಒಂದು ತುಂಡು ಕೊಟ್ಟು, ಹಿಡಿಯ ತುದಿಗೆ ಚೌಕ ಹೊಲಿದು ಚೌಕದ ಒಳಗೆ ಮೂಲೆಯಿಂದ ಮೂಲೆಗೆ ಗುಣಾಕಾರದ ಗುರ್ತಿನ ಹಾಗೆ ಹೊಲಿತೇನೆ. ಹೊಲಿದು ಆದ ಮೇಲೆ ಹತ್ತು ತೆಂಗಿನಕಾಯಿ ತುಂಬ್ಸಿ ಅಂಗಳದಲ್ಲಿ ಎರಡು ಸುತ್ತು ಬಂದೇ ಯಾರಿಗಾದ್ರೂ ಕೊಡುದು. ಆ ಹುಡುಗಿಗೆ ಬೇರೆ ಚೀಲ ಹೊಲಿದು ಕೊಟ್ಟೆ, ಈಗಲೂ ಅವಳು ಬಸ್ಸಿಗೆ ಹೋಗುವಾಗ ಹೆಗಲಲ್ಲಿ ಕಾಣ್ತದೆ, ಒಗೆದು ಒಗೆದು ಬಣ್ಣ ಹೋಗಿದೆ, ಅದನ್ನು ಕಾಣುವಾಗ ನನಗೆ ಆಗುವ ಖುಷಿ ಜರಿ ರವಿಕೆ ಹೊಲಿದಾಗಲೂ ಆಗುದಿಲ್ಲ. ರವಿಕೆ ಬೀರುವಿನಲ್ಲಿ ಇರ್ತದೆ, ಮದುವೆಗೊಮ್ಮೆ ಹೊರಗೆ ಬರ್ತದೆ. ಚೀಲ ದಿನಾ ದುಡಿತದೆ.

ಎಲ್ಲದಕ್ಕಿಂತ ಹೆಚ್ಚು ಮನಸ್ಸಿಟ್ಟು ಮಾಡಿದ್ದು ಅತ್ತೆಯ ಕಾಸರಗೋಡು ಸೀರೆಯನ್ನು. ನಮ್ಮ ಕೈಮಗ್ಗದ ಕಾಟನ್ ಸೀರೆ, 2010ರಲ್ಲಿ ಜಿಐ ಗುರ್ತು, ಅಂದ್ರೆ ಈ ಊರಿನದ್ದೇ ಅಂತ ಸರಕಾರದ ಗುರ್ತು, ಸಿಕ್ಕಿದ್ದು. ಅತ್ತೆ ಅದನ್ನು ಉಟ್ಟು ಉಟ್ಟು ನಿರಿಗೆ ಬರುವಲ್ಲಿ, ಕೂತುಕೊಳ್ಳುವಲ್ಲಿ ಬಟ್ಟೆ ಸೊಳ್ಳೆಪರದೆ ಹಾಗೆ ತೆಳು ಆಗಿತ್ತು, ಆದ್ರೆ ಸೆರಗು ಮತ್ತೆ ಅಂಚು ಗಟ್ಟಿ, ಬಣ್ಣ ಸಹ ಹಾಗೇ. ಬೆಳಕಿಗೆ ಎತ್ತಿ ಹಿಡಿದು ತೆಳುವಾದ ಕಡೆಗೆಲ್ಲ ಸೋಪಿನ ಚೂರಿನಲ್ಲಿ ಗೆರೆ ಎಳೆದೆ. ಕತ್ತರಿ ಹಾಕ್ಲಿಲ್ಲ. ಅಂಚಿಗೆ ಮಾತ್ರ ಕತ್ತರಿಯಿಂದ ಒಂದು ಕಚ್ಚು ಕೊಟ್ಟು ಎರಡು ಕೈಯಲ್ಲಿ ಹಿಡಿದು ಪರ್‍ರ್ ಅಂತ ಹರಿದೆ, ಕಾಟನ್ ಹೀಗೆ ಹರಿದ್ರೆ ನೂಲಿಗೆ ಸರಿಯಾಗಿ ನೇರ ಹೋಗ್ತದೆ, ಅಳತೆ ಕೋಲಲ್ಲಿ ಗೆರೆ ಎಳೆದು ಕತ್ತರಿಸಿದ್ರೂ ಅಷ್ಟು ನೇರ ಬರುದಿಲ್ಲ. ಹರಿಯುವ ಶಬ್ದಕ್ಕೆ ಅತ್ತೆ ಒಳಗಿನಿಂದ ಬಂದು "ಅಯ್ಯೋ ಎಂತ ಮಾಡ್ತಿ ಮಾರಾಯ್ತಿ" ಅಂದ್ರು, ಆಮೇಲೆ ಅಲ್ಲೇ ಕೂತು ತುಂಡುಗಳನ್ನು ಮಡಿಲಲ್ಲಿ ಇಟ್ಟು ಸರಿ ಮಾಡಿ ಕೊಡ್ಲಿಕ್ಕೆ ಸುರು ಮಾಡಿದ್ರು.

ಅದರಲ್ಲಿ ಎರಡು ತಲೆದಿಂಬಿನ ಕವರ್ ಆಯ್ತು, ನಾದಿನಿಯ ಮಗುವಿನ ತೊಟ್ಟಿಲಿಗೆ ಒಂದು ಹಾಸು ಆಯ್ತು. ಆ ಹಾಸಿನಲ್ಲಿ ನಾಲ್ಕೇ ಪದರ, ಹೆಚ್ಚು ಹಾಕಿದ್ರೆ ಮೆತ್ತಗೆ ಏನೋ ಆಗ್ತದೆ, ಆದ್ರೆ ಆಟಿ ತಿಂಗಳ ಮಳೆಯಲ್ಲಿ ಒಣಗುದು ಹೇಗೆ, ಮಗುವಿನ ಹಾಸು ಅಂದ್ರೆ ದಿನಾ ಒಗೆಯುವಂತದ್ದು. ಪದರ ಜಾರದ ಹಾಗೆ ಮೊದಲು ಉದ್ದುದ್ದ ಹೊಲಿಗೆ ಹಾಕಿ ಹಿಡಿಸಿ, ಆಮೇಲೆ ಕೈಯಲ್ಲೇ ಅಕ್ಕಿ ಕಾಳಿನಷ್ಟು ಬಿಟ್ಟು ಬಿಟ್ಟು ಓಡುಹೊಲಿಗೆ ಹಾಕ್ತಾ ಹೋದದ್ದು, ರಾತ್ರಿ ಊಟ ಆದ ಮೇಲೆ ಅತ್ತೆ ಆ ಬದಿಯಿಂದ ನಾನು ಈ ಬದಿಯಿಂದ. ಹನ್ನೊಂದು ರಾತ್ರಿ ಆಯ್ತು ಮುಗಿಯುವಾಗ. ಅತ್ತೆಯ ಹೊಲಿಗೆ ನನ್ನದಕ್ಕಿಂತ ಸಣ್ಣ, ಇವತ್ತಿಗೂ ಆ ಹಾಸು ನೋಡಿದ್ರೆ ಅವರದ್ದು ಎಲ್ಲಿ ಮುಗಿದು ನನ್ನದು ಎಲ್ಲಿ ಸುರು ಆಗ್ತದೆ ಅಂತ ಹೇಳ್ಬಹುದು.

ಇನ್ನು ತೀರ ಸಣ್ಣದು, ಬೆರಳಷ್ಟು ಅಗಲದ್ದು, ಮಿಕ್ಸ್ ಬಟ್ಟೆಯದ್ದು ಎಂತ ಮಾಡುದು ಅಂತ ತುಂಬ ದಿನ ತಲೆ ಕೆಡಿಸಿಕೊಂಡಿದ್ದೆ. ಅಡಿಕೆ ಸುಲಿಯಲಿಕ್ಕೆ ಬರುವ ಹೆಂಗಸರು ಬೆಳಿಗ್ಗಿನಿಂದ ಸಂಜೆವರೆಗೆ ಮರದ ಮಣೆಯಲ್ಲಿ ಕೂತಿರುದು, ಮಧ್ಯಾಹ್ನ ಆಗುವಾಗ ಗೋಣಿ ಮಡಚಿ ಅಡಿಗೆ ಹಾಕ್ಕೊಳ್ತಾರೆ, ಅದೂ ಜಾರ್ತದೆ. ನಾನು ಚೂರುಗಳನ್ನೆಲ್ಲ ಇಂಚಿಗಿಂತ ಸಣ್ಣ ಕತ್ತರಿಸಿ, ಎರಡು ಕಿಲೋದಷ್ಟು, ಹಳೆ ಲುಂಗಿಯ ಚೀಲಕ್ಕೆ ತುಂಬ್ಸಿ, ಮೇಲೆ ಜೀನ್ಸಿನ ಕವರ್ ಹಾಕಿ ನಾಲ್ಕು ಮೂಲೆಗೂ ಮಣೆಗೆ ಕಟ್ಲಿಕ್ಕೆ ದಾರ ಇಟ್ಟೆ. ಕತ್ತರಿಸುದೇ ಕಷ್ಟದ ಕೆಲಸ, ಕೈ ಬೊಬ್ಬೆ ಬರ್ತದೆ, ಆದ್ರೆ ಉದ್ದ ಉದ್ದ ತುಂಬ್ಸಿದ್ರೆ ಒಳಗೆ ಗಂಟು ಗಂಟಾಗಿ ಕೂತವರಿಗೆ ಚುಚ್ತದೆ. ನಡುವಿನಲ್ಲಿ ಐದು ಕಡೆ ದಪ್ಪ ನೂಲಿನಿಂದ ಮೇಲಿಂದ ಕೆಳಗೆ ಎಳೆದು ಕಟ್ಟಿದ್ರೆ ಒಂದೇ ಬದಿಗೆ ಸರಿಯುದಿಲ್ಲ.

ಮೂವತ್ತು ವರ್ಷದಿಂದ ಸುಲಿಯುವ ಕೆಲಸ ಮಾಡುವ ಒಬ್ಬ ಅಕ್ಕ ಅದರ ಮೇಲೆ ಒಂದು ದಿನ ಕೂತ್ರು. ಸಂಜೆ ಏಳುವಾಗ ಸೊಂಟಕ್ಕೆ ಕೈ ಕೊಡ್ಲಿಲ್ಲ, ಅದನ್ನು ನಾನು ಜಗಲಿಯಿಂದ ನೋಡಿದೆ. ಮರುದಿನ ಬರುವಾಗ ಅವರ ಕಂಕುಳಲ್ಲಿ ಒಂದು ಕಟ್ಟು, ಗಂಡನ ಎರಡು ಹಳೆ ಲುಂಗಿ, ಮಗಳ ಹರಿದ ಜೀನ್ಸ್, ಮತ್ತೆ ಒಂದು ತೊಟ್ಟೆ ತುಂಬ ಚೂರು, ಅವರೇ ರಾತ್ರಿ ಕೂತು ಸಣ್ಣ ಸಣ್ಣ ಕತ್ತರಿಸಿ ತಂದದ್ದು. "ನಮ್ಮ ಗುಂಪಿನಲ್ಲಿ ಇನ್ನು ಐದು ಜನ ಇದ್ದಾರೆ" ಅಂದ್ರು. ಮೂರು ಹೊಲಿದು ಆಯ್ತು, ಇನ್ನು ಎರಡು ಬಾಕಿ ಉಂಟು.