ಅಪ್ಪೆಮಿಡಿ ಭರಣಿಯಿಂದ ದುಬೈ ಅಂಗಡಿವರೆಗೆ: ಉಪ್ಪಿನಕಾಯಿ, ಹಪ್ಪಳ ಎಕ್ಸ್‌ಪೋರ್ಟ್ ಮಾಡೋದು ಹೇಗೆ?

ನಮ್ಮ ಅತ್ತಿಗೆ ಮಾಡೋ ಮಿಡಿ ಉಪ್ಪಿನಕಾಯಿಗೆ ಮೊದಲ ಫಾರಿನ್ ಆರ್ಡರ್ ಬಂದಿದ್ದು ವಾಟ್ಸಾಪಲ್ಲಿ, ದುಬೈನಲ್ಲಿ ಅಂಗಡಿ ಇಟ್ಟಿರೋ ಭಟ್ಕಳದವರೊಬ್ಬರಿಂದ, 200 ಬಾಟಲಿ. ಅವತ್ತು ಮನೇಲಿ ಹಬ್ಬ. ಮಾರನೇ ದಿನ ಅವರದ್ದೇ ಇನ್ನೊಂದು ಮೆಸೇಜ್: "ಅಕ್ಕಾ, ಲೇಬಲ್ ಫೋಟೋ, ಲ್ಯಾಬ್ ರಿಪೋರ್ಟ್, ಐಇಸಿ ನಂಬರ್ ಕಳಿಸಿಬಿಡಿ." ಮೂರರಲ್ಲಿ ಒಂದೂ ನಮ್ಮ ಹತ್ರ ಇರ್ಲಿಲ್ಲ. ಲೇಬಲ್ ಅಂದ್ರೆ ಅತ್ತಿಗೆ ಮಗಳು ಪ್ರಿಂಟ್ ತೆಗೆದು ಗೋಂದು ಹಚ್ಚಿ ಅಂಟಿಸಿದ ಚೀಟಿ, ಅದ್ರಲ್ಲಿ ಹೂವಿನ ಚಿತ್ರ ದೊಡ್ಡದು, ಮಿಕ್ಕಿದ್ದೆಲ್ಲ ಸಣ್ಣದು.

ಆ ಆರ್ಡರ್ ಕೈ ತಪ್ತು, ಅದು ಬೇರೆ ಕಥೆ. ಆದ್ರೆ ಆಮೇಲೆ ಓಡಾಡಿ ಕಲಿತಿದ್ದನ್ನ ಶಿರಸಿ, ಸಾಗರ, ಸಿದ್ದಾಪುರ ಕಡೆ ಸಂಘದ ಹೆಂಗಸರು ಆಗಾಗ ಫೋನ್ ಮಾಡಿ ಕೇಳ್ತಾ ಇರ್ತಾರೆ, ಅದಕ್ಕೇ ಒಂದೇ ಸಲ ಬರೆದುಬಿಡೋಣ ಅಂತ. ಕಾಗದಪತ್ರ ಅಂದ್ರೆ ಎಲ್ರೂ ಹೆದರ್ತಾರೆ, ನಿಜ ಹೇಳ್ಬೇಕಂದ್ರೆ ಅದು ಸುಲಭದ ಭಾಗ, ಕಷ್ಟ ಇರೋದು ಭರಣಿ ಒಳಗೆ.

ಮೊದಲು ಭರಣಿ ನೋಡಿ

ಮನೆ ಉಪ್ಪಿನಕಾಯಿಯ ದೊಡ್ಡ ಗುಣ ಏನಂದ್ರೆ ಒಂದು ವರ್ಷ ಇದ್ದ ಹಾಗೆ ಇನ್ನೊಂದು ವರ್ಷ ಇರಲ್ಲ. ಈ ಸಲದ ಮಿಡಿಗೆ ಜೀರಿಗೆ ಪರಿಮಳ, ಹೋದ ಸಲದ್ದಕ್ಕೆ ಕರ್ಪೂರದ್ದು, ಉಪ್ಪು ಕೈ ಅಳತೆ. ಮನೆಮಂದಿಗೆ ಅದೇ ಚಂದ. ಹೊರದೇಶದ ಅಂಗಡಿಯವನಿಗೆ ಮಾತ್ರ ಮೊದಲ ಬಾಕ್ಸೂ ಹತ್ತನೇ ಬಾಕ್ಸೂ ಒಂದೇ ಥರ ಇರ್ಬೇಕು, ಇಲ್ಲಾಂದ್ರೆ ಗಿರಾಕಿ ವಾಪಸ್ ತಂದು ಕೊಡ್ತಾನೆ. ಹಾಗಾಗಿ ಮೊದಲ ಕೆಲಸ ತಕ್ಕಡಿ ತಗೊಳೋದು. 10 ಕೆಜಿ ಮಿಡಿಗೆ ಉಪ್ಪು ಎಷ್ಟು, ಎಷ್ಟು ದಿನ ಉಪ್ಪಲ್ಲಿ ಇಟ್ರಿ, ಮಿಡಿ ಚಿರುಟಿದ ಮೇಲೆ ಆ ಉಪ್ಪುನೀರು ಎಷ್ಟು ಬಿಟ್ಕೊಂಡ್ರಿ, ಸಾಸಿವೆ ಮೆಣಸು ಎಷ್ಟು ರುಬ್ಬಿದ್ರಿ, ಎಲ್ಲ ಒಂದು ನೋಟ್‌ಬುಕ್ಕಲ್ಲಿ ತಾರೀಖು ಹಾಕಿ ಬರೀರಿ. ಅದೇ ನಿಮ್ಮ ಬ್ಯಾಚ್ ರೆಕಾರ್ಡ್. ನಮ್ಮ ಅತ್ತಿಗೆ ಶುರುವಲ್ಲಿ "ಕೈಗೆ ಗೊತ್ತಾಗತ್ತೆ ಬಿಡು" ಅಂತ ಬರೆಯೋಕೇ ಒಪ್ಪಿರ್ಲಿಲ್ಲ.

ಎರಡನೇದು ಪಿಎಚ್ ಮೀಟರ್, ಹುಳಿ ಎಷ್ಟಿದೆ ಅಂತ ಅಳೆಯೋದು, ನಂಬರ್ ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ. ಪೆನ್ ಥರ ಇರತ್ತೆ, 4 ಮತ್ತು 7ರ ಬಫರ್ ದ್ರಾವಣದಲ್ಲಿ ಅದ್ದಿ ಸರಿ ಮಾಡ್ಕೊಂಡು ಆಮೇಲೆ ರಸಕ್ಕೆ ಅದ್ದಬೇಕು. ಇದು ಯಾಕಪ್ಪಾ ಅಂದ್ರೆ, ಪಿಎಚ್ 4.6ಕ್ಕಿಂತ ಮೇಲೆ ಹೋದ್ರೆ ಗಾಳಿ ಆಡದ ಬಾಟಲಿ ಒಳಗೆ ಬೊಟುಲಿಸಂ ಅನ್ನೋ ಕಾಯಿಲೆ ತರೋ ವಿಷ ಹುಟ್ಟಿಸೋ ಬ್ಯಾಕ್ಟೀರಿಯಾ ಬೆಳೆಯೋಕೆ ದಾರಿ ಆಗತ್ತೆ, ಅದಕ್ಕೇ ಅಮೆರಿಕದ ಎಫ್‌ಡಿಎ (ಅಲ್ಲಿ ಆಹಾರ, ಔಷಧಿ ನೋಡ್ಕೊಳೋ ಸರ್ಕಾರಿ ಸಂಸ್ಥೆ) ಹುಳಿ ಸೇರಿಸಿ ಇಡೋ ಪದಾರ್ಥಗಳಿಗೆ ಈ 4.6ರ ಗೆರೆ ಹಾಕಿದೆ. ಮಾವಿನ ಮಿಡಿ, ನಿಂಬೆ ತಾವೇ ಹುಳಿ, ಅಷ್ಟು ಚಿಂತೆ ಇಲ್ಲ. ಬೆಳ್ಳುಳ್ಳಿ, ಎಳೆ ಬಿದಿರು (ನಮ್ಮ ಕಳಲೆ), ಹಾಗಲಕಾಯಿ ಇಂಥವಕ್ಕೆ ನಿಜವಾಗ್ಲೂ ಹುಷಾರಾಗಿರ್ಬೇಕು.

ಲ್ಯಾಬ್ ಟೆಸ್ಟಿಗೆ ಎನ್‌ಎಬಿಎಲ್ (ಲ್ಯಾಬ್‌ಗಳನ್ನ ಪರೀಕ್ಷಿಸಿ ಒಪ್ಪೋ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರೋ ಲ್ಯಾಬೇ ಆಗ್ಬೇಕು. ಮೈಸೂರಿನ ಸಿಎಫ್‌ಟಿಆರ್‌ಐ, ಅಂದ್ರೆ ಕೇಂದ್ರದ ಆಹಾರ ಸಂಶೋಧನಾ ಸಂಸ್ಥೆ, 1950ರಿಂದ ಆಹಾರದ ಕೆಲಸದಲ್ಲೇ ಇದೆ, ಅಲ್ಲಿ ಸಣ್ಣ ಸಣ್ಣ ಟ್ರೈನಿಂಗ್ ಕೋರ್ಸ್ ಕೂಡ ಮಾಡ್ತಾರೆ, ಒಂದ್ಸಲ ಹೋಗಿಬನ್ನಿ, ಬಸ್ ಚಾರ್ಜ್ ದಂಡ ಆಗಲ್ಲ.

ಕಾಗದಪತ್ರ, ಸಾಲಾಗಿ

ಮೊದಲು ಪ್ಯಾನ್ ಇರ್ಬೇಕು. ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ನೋಂದಣಿ) ಫ್ರೀ, ಸೈಟಲ್ಲಿ ನೀವೇ ಮಾಡ್ಕೋಬಹುದು, ಏಜೆಂಟಿಗೆ ದುಡ್ಡು ಕೊಡ್ಬೇಡಿ. ಆಮೇಲೆ ಕರೆಂಟ್ ಅಕೌಂಟ್, ಜಿಎಸ್‌ಟಿ. "ನಮ್ದು ಸಣ್ಣ ವ್ಯಾಪಾರ, ಜಿಎಸ್‌ಟಿ ಲಿಮಿಟ್ ಒಳಗೇ ಇದ್ದೀವಿ" ಅನ್ನೋ ಮಾತು ಇಲ್ಲಿ ನಡೆಯಲ್ಲ, ದೇಶದಾಚೆ ಮಾರೋದನ್ನ ಹೊರರಾಜ್ಯಕ್ಕೆ ಮಾರಿದ ಲೆಕ್ಕಕ್ಕೆ ಹಿಡೀತಾರೆ. ಜಿಎಸ್‌ಟಿ ಆದ್ಮೇಲೆ ಎಲ್‌ಯುಟಿ ಅಂತ ಒಂದು ಫಾರಂ ಹಾಕ್ಬೇಕು, ಅದಿದ್ರೆ ಎಕ್ಸ್‌ಪೋರ್ಟ್ ಮಾಲಿಗೆ ಟ್ಯಾಕ್ಸ್ ಕಟ್ಟದೇ ಕಳಿಸ್ಬಹುದು, ಇಲ್ಲಾಂದ್ರೆ ಮೊದಲು ಕಟ್ಟಿ ಆಮೇಲೆ ರೀಫಂಡಿಗೆ ಕಾಯ್ತಾ ಕೂರ್ಬೇಕು.

ಐಇಸಿ, ಅಂದ್ರೆ ಇಂಪೋರ್ಟರ್ ಎಕ್ಸ್‌ಪೋರ್ಟರ್ ಕೋಡ್, ಇದೇ ಮುಖ್ಯವಾದ ನಂಬರ್. ಡಿಜಿಎಫ್‌ಟಿ (ಕೇಂದ್ರದ ವಿದೇಶ ವ್ಯಾಪಾರ ಇಲಾಖೆ) ಸೈಟಲ್ಲಿ 500 ರೂಪಾಯಿ ಫೀಸ್, ನಿಮ್ಮ ಪ್ಯಾನ್ ನಂಬರೇ ಐಇಸಿ ನಂಬರ್ ಆಗತ್ತೆ. ನಮಗೊಬ್ರು 8,000 ಕೇಳಿದ್ರು ಇದನ್ನ ಮಾಡಿಕೊಡೋಕೆ! ಕೊನೆಗೆ ಪಕ್ಕದ ಮನೆ ಬಿಕಾಂ ಹುಡುಗ ಕೂತು ಒಂದು ಮಧ್ಯಾಹ್ನದಲ್ಲಿ ಮುಗಿಸಿಕೊಟ್ಟ, ಅವನಿಗೆ ಒಂದು ಬಾಟಲಿ ಉಪ್ಪಿನಕಾಯಿ ಕೊಟ್ವಿ.

ಐಇಸಿ ಬಂದ್ಮೇಲೆ ನಿಮ್ಮ ಬ್ಯಾಂಕಿಂದ ಎಡಿ ಕೋಡ್ (ಫಾರಿನ್ ದುಡ್ಡು ಬರೋ ಬ್ರಾಂಚಿನ ನಂಬರ್) ಪತ್ರ ತಗೊಂಡು ಕಸ್ಟಮ್ಸಿನ ಐಸ್‌ಗೇಟ್ ಪೋರ್ಟಲಲ್ಲಿ ಹಾಕ್ಬೇಕು. ಹಳ್ಳಿ ಬ್ರಾಂಚಲ್ಲಿ ಈ ಹೆಸರು ಕೇಳಿದ್ರೆ ಮುಖ ಮುಖ ನೋಡ್ತಾರೆ, ಫಾರೆಕ್ಸ್ ನೋಡೋ ದೊಡ್ಡ ಬ್ರಾಂಚ್ ಯಾವ್ದು ಅಂತ ಮೊದಲೇ ಕೇಳಿಟ್ಕೊಳಿ.

ಆಹಾರ ಅಂದ್ಮೇಲೆ ಎಫ್‌ಎಸ್‌ಎಸ್‌ಎಐ, ಅಂದ್ರೆ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ಲೈಸೆನ್ಸ್. ಸಂತೆಲಿ, ಮೇಳದಲ್ಲಿ ಮಾರೋಕೆ ಅಂತ ಮಾಡಿಸಿರೋ 100 ರೂಪಾಯಿ ರಿಜಿಸ್ಟ್ರೇಷನ್ ಎಕ್ಸ್‌ಪೋರ್ಟ್ ಮಾಡೋರಿಗೆ ಸಾಲಲ್ಲ, ಸೆಂಟ್ರಲ್ ಲೈಸೆನ್ಸೇ ಬೇಕು, ವರ್ಷಕ್ಕೆ 7,500 ರೂಪಾಯಿ. ಅಡುಗೆಮನೆ ನಕ್ಷೆ, ನೀರಿನ ಟೆಸ್ಟ್ ರಿಪೋರ್ಟ್ ಎಲ್ಲ ಕೇಳ್ತಾರೆ. ಉಪ್ಪಿನಕಾಯಿ, ಹಪ್ಪಳ ಎರಡೂ ಅಪೇಡಾ (ಕೃಷಿ, ಆಹಾರ ಪದಾರ್ಥಗಳ ಎಕ್ಸ್‌ಪೋರ್ಟ್ ನೋಡ್ಕೊಳೋ ಕೇಂದ್ರದ ಸಂಸ್ಥೆ) ಪಟ್ಟಿಲಿ ಬರೋದ್ರಿಂದ ಅಪೇಡಾದ ಆರ್‌ಸಿಎಂಸಿ ಅನ್ನೋ ಸದಸ್ಯತ್ವದ ಸರ್ಟಿಫಿಕೇಟ್ ಕೂಡ ತಗೋಬೇಕು. ಎಲ್ಲಿಂದ ಶುರು ಮಾಡೋದು ಅಂತ ತಲೆ ಕೆಟ್ರೆ ಬೆಂಗಳೂರಲ್ಲಿ ರಾಜ್ಯ ಸರ್ಕಾರದ ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರ ಇದೆ, ಎಕ್ಸ್‌ಪೋರ್ಟಿಗೆ ಅಂತಲೇ ಇರೋದು ಅದು.

ಇಷ್ಟೆಲ್ಲ ಈಗಲೇ ಬೇಡ ಅನ್ಸಿದ್ರೆ ಇನ್ನೊಂದು ದಾರಿ ಇದೆ, ನನ್ನ ಕೇಳಿದ್ರೆ ಮೊದಲ ವರ್ಷಕ್ಕೆ ಅದೇ ಒಳ್ಳೇದು. ಈಗಾಗಲೇ ಲೈಸೆನ್ಸ್ ಎಲ್ಲ ಇಟ್ಕೊಂಡಿರೋ ಎಕ್ಸ್‌ಪೋರ್ಟರ್‌ಗೆ ನೀವು ಮಾಲು ಕೊಡಿ, ಅವರು ಕಳಿಸ್ತಾರೆ. ಲಾಭ ಕಡಿಮೆ, ಆದ್ರೆ ಹೊರಗಿನ ಗಿರಾಕಿ ಏನು ಕೇಳ್ತಾನೆ, ಎಲ್ಲಿ ತಗಾದೆ ತೆಗೀತಾನೆ ಅನ್ನೋದು ಬೇರೆಯವರ ಖರ್ಚಲ್ಲಿ ಕಲೀಬಹುದು.

ಮಿಷನ್ ತಗೊಳೋಕೆ ದುಡ್ಡು ಬೇಕಾದ್ರೆ ಪಿಎಂಎಫ್‌ಎಂಇ ಸ್ಕೀಮ್ ಈಗಲೂ ನಡೀತಿದೆಯಾ ವಿಚಾರಿಸಿ ನೋಡಿ. ಸಣ್ಣ ಆಹಾರ ಘಟಕಗಳಿಗೆ ಅಂತ 2020ರಲ್ಲಿ ಶುರುವಾಗಿದ್ದು, ಬ್ಯಾಂಕ್ ಸಾಲದ ಜೊತೆ ಸ್ಕೀಮಿನದ್ದು 35 ಪರ್ಸೆಂಟ್ ಸಬ್ಸಿಡಿ, 10 ಲಕ್ಷದವರೆಗೆ, ಅದರ ಮೇಲೆ ನಮ್ಮ ರಾಜ್ಯದ್ದೂ ಸೇರತ್ತೆ. ಸಬ್ಸಿಡಿ ಸಿಗತ್ತೆ ಅಂತ ಬೇಡದ ಮಿಷನ್ ತಂದು ಶೆಡ್ಡಲ್ಲಿ ತುಕ್ಕು ಹಿಡಿಸಿದೋರನ್ನೂ ನೋಡಿದೀನಿ.

ಲೇಬಲ್: ಇಲ್ಲೇ ಜಾಸ್ತಿ ಜನ ಬೀಳೋದು

ಇಂಗು. ಹೌದು, ಚಿಟಿಕೆ ಇಂಗು. ಅಂಗಡಿಲಿ ಸಿಗೋ ಡಬ್ಬಿ ಇಂಗಲ್ಲಿ ಹೆಚ್ಚಿನದಕ್ಕೆ ಮೈದಾ ಅಥವಾ ಗೋಧಿಹಿಟ್ಟು ಸೇರಿರತ್ತೆ, ಅಂದ್ರೆ ನಿಮ್ಮ ಉಪ್ಪಿನಕಾಯಿಲಿ, ಹಪ್ಪಳದಲ್ಲಿ ಗೋಧಿ ಇದೆ ಅಂತ ಲೆಕ್ಕ. ಅದನ್ನ ಬರೀದೇ ಬಿಟ್ರೆ ಅಲರ್ಜಿ ಇರೋರಿಗೆ ಅಪಾಯ, ಮಾಲು ಅಲ್ಲೇ ಹಿಡಿದುಹಾಕ್ತಾರೆ. ನಮ್ಮ ಮೊದಲ ಲೇಬಲಲ್ಲಿ "ಮಸಾಲೆ ಪದಾರ್ಥಗಳು" ಅಂತ ಒಂದೇ ಪದ ಇತ್ತು, ಲ್ಯಾಬಿನ ಮೇಡಂ ಅದನ್ನ ನೋಡಿ ನಕ್ಕು ಇಂಗಿನ ಡಬ್ಬಿ ತಿರುಗಿಸಿ ಓದಿ ಅಂದ್ರು. ಇಪ್ಪತ್ತು ವರ್ಷದಿಂದ ತರ್ತಿರೋ ಡಬ್ಬಿ, ಹಿಂದುಗಡೆ ಏನಿದೆ ಅಂತ ಯಾರೂ ಓದಿರ್ಲಿಲ್ಲ.

ಸಾಸಿವೆದು ಇನ್ನೊಂದು ತಮಾಷೆ. ಅಮೆರಿಕದ ಮುಖ್ಯ 9 ಅಲರ್ಜಿ ಪದಾರ್ಥಗಳ ಪಟ್ಟಿಲಿ ಸಾಸಿವೆ ಇಲ್ಲ, ಎಳ್ಳು ಇದೆ, ಅದೂ 2023ರಿಂದ. ಯುರೋಪಿನ 14ರ ಪಟ್ಟಿಲಿ ಸಾಸಿವೆ, ಎಳ್ಳು ಎರಡೂ ಇವೆ. ಕೆನಡಾದಲ್ಲೂ ಸಾಸಿವೆ ಹೇಳಲೇಬೇಕು, ಜೊತೆಗೆ ಲೇಬಲ್ ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಇರ್ಬೇಕು. ದುಬೈಗೆ ಅರೇಬಿಕ್ ಬೇಕು, ಅದನ್ನ ಸಾಮಾನ್ಯವಾಗಿ ಅಲ್ಲಿನ ಇಂಪೋರ್ಟರೇ ನೋಡ್ಕೋತಾರೆ, ಆದ್ರೆ ಯಾರ ಖರ್ಚು ಅಂತ ಮೊದಲೇ ಮಾತಾಡ್ಕೊಳಿ. ಹಂಗಾಗಿ "ಎಲ್ಲಾ ದೇಶಕ್ಕೂ ಒಂದೇ ಲೇಬಲ್" ಅಂತ ಹತ್ತು ಸಾವಿರ ಪ್ರಿಂಟ್ ಹಾಕಿಸ್ಬೇಡಿ, ಮೊದಲು ದೇಶ ಆರಿಸ್ಕೊಳಿ, ಲೇಬಲ್ ಆಮೇಲೆ.

ಅಪ್ಪೆಮಿಡಿಗೆ ಜಿಐ ಟ್ಯಾಗ್, ಅಂದ್ರೆ ಈ ಊರಿನದ್ದೇ ಮಾಲು ಅನ್ನೋ ಸರ್ಕಾರಿ ಗುರುತು, ಇದೆ. ಆ ಟ್ಯಾಗನ್ನ ಬಾಟಲಿ ಮೇಲೆ ಹಾಕ್ಬೇಕಂದ್ರೆ ಅಧಿಕೃತ ಬಳಕೆದಾರರು ಅಂತ ನೋಂದಣಿ ಆಗಿರ್ಬೇಕು, ಸುಮ್ನೆ ಲೋಗೋ ಡೌನ್‌ಲೋಡ್ ಮಾಡಿ ಅಂಟಿಸೋ ಹಾಗಿಲ್ಲ.

ಅಮೆರಿಕಕ್ಕೇ ಕಳಿಸ್ಬೇಕು ಅಂತ ಹಟ ಇದ್ರೆ ಕೆಲಸ ಸ್ವಲ್ಪ ಜಾಸ್ತಿ. ನಿಮ್ಮ ಘಟಕ ಎಫ್‌ಡಿಎನಲ್ಲಿ ನೋಂದಣಿ ಆಗ್ಬೇಕು (ಅದಕ್ಕೆ ಫೀಸಿಲ್ಲ, ಆದ್ರೆ ಅಲ್ಲೊಬ್ಬ ಏಜೆಂಟ್ ಬೇಕು, ಅವನಿಗೆ ಫೀಸಿದೆ!), ಎರಡು ವರ್ಷಕ್ಕೊಮ್ಮೆ ರಿನ್ಯೂ, ಪ್ರತಿ ಸಲ ಮಾಲು ಮುಟ್ಟೋ ಮೊದಲು ಮುನ್ಸೂಚನೆ ಕೊಡ್ಬೇಕು, ಹುಳಿ ಸೇರಿಸಿದ ಪದಾರ್ಥ ಅಂತ ಲೆಕ್ಕಕ್ಕೆ ಬಂದ್ರೆ ಮಾಡೋ ವಿಧಾನವನ್ನೂ ಫೈಲ್ ಮಾಡ್ಬೇಕು. ಮೊದಲೆಲ್ಲ 800 ಡಾಲರ್ ಒಳಗಿನ ಪಾರ್ಸೆಲಿಗೆ ಅಲ್ಲಿ ಡ್ಯೂಟಿ ಇರ್ಲಿಲ್ಲ, 2025ರ ಆಗಸ್ಟ್ 29ರಿಂದ ಆ ರಿಯಾಯ್ತಿ ನಿಂತೋಯ್ತು. ಮೊದಲ ಪ್ರಯತ್ನಕ್ಕೆ ಗಲ್ಫೇ ವಾಸಿ ಅನ್ನೋದು ನನ್ನ ಅಭಿಪ್ರಾಯ. ನಮ್ಮ ಕರಾವಳಿ ಜನ ಅಲ್ಲಿ ಬೇಕಾದಷ್ಟಿದ್ದಾರೆ, ಮಿಡಿ ಅಂದ್ರೇನು ಅಂತ ಬಿಡಿಸಿ ಹೇಳೋ ಕೆಲಸ ಇಲ್ಲ. ಯುಎಇ ಜೊತೆ 2022ರ ಮೇ 1ರಿಂದ ವ್ಯಾಪಾರ ಒಪ್ಪಂದನೂ ಜಾರಿಲಿದೆ, ನಿಮ್ಮ ಮಾಲು ಅದರಲ್ಲಿ ಬಂದ್ರೆ ಸರ್ಟಿಫಿಕೇಟ್ ಆಫ್ ಒರಿಜಿನ್ (ಮಾಲು ಭಾರತದ್ದೇ ಅನ್ನೋ ಪತ್ರ) ಮಾಡಿಸಿ ಜೊತೆಗೆ ಕಳಿಸಿದ್ರೆ ಅಲ್ಲಿ ಡ್ಯೂಟಿಲಿ ರಿಯಾಯ್ತಿ.

ಪ್ಯಾಕಿಂಗು, ಎಣ್ಣೆ, ಗಾಳಿ

ಎಣ್ಣೆಗೆ ಎಲ್ಲಿ ಸಂದಿ ಇದೆ ಅಂತ ಗೊತ್ತಿರತ್ತೆ. ಮುಚ್ಚಳ ಎಷ್ಟೇ ಬಿಗಿ ಮಾಡಿ, ಒಳಗೆ ಇಂಡಕ್ಷನ್ ಸೀಲ್ (ಬಾಟಲಿ ಬಾಯಿಗೆ ಬಿಸಿಲಿ ಅಂಟಿಸೋ ಫಾಯಿಲ್) ಇಲ್ಲಾಂದ್ರೆ ದಾರಿಲಿ ಸೋರತ್ತೆ. ನಾವು ಪ್ರಾಕ್ಟೀಸಿಗೆ ಅಂತ ಬೆಂಗಳೂರಿನ ನೆಂಟರ ಮನೆಗೆ ಒಂದು ಬಾಕ್ಸ್ ಕೊರಿಯರ್ ಮಾಡಿದ್ವಿ, ತಲುಪೋ ಹೊತ್ತಿಗೆ ರಟ್ಟಿನ ಡಬ್ಬಿ ತಳ ಪೂರ್ತಿ ಕೆಂಪು, ಹನ್ನೆರಡರಲ್ಲಿ ಐದು ಬಾಟಲಿ ಅಂಟಂಟು. ಶಿರಸಿಯಿಂದ ಬೆಂಗಳೂರಿಗೇ ಹೀಗಾದ್ರೆ ವಿಮಾನದಲ್ಲಿ ಗತಿ ಏನು? ನೀವೂ ಹೀಗೆ ಮಾಡಿ ನೋಡಿ. ತುಂಬಿದ ಬಾಟಲಿ ತಲೆಕೆಳಗು ಮಾಡಿ ಎರಡು ದಿನ ಬಿಸಿಲು ಬೀಳೋ ಕಡೆ ಇಡಿ, ಕೆಳಗೆ ಪೇಪರ್ ಹಾಕಿ. ಪೇಪರಿಗೆ ಕಲೆ ಆಯ್ತು ಅಂದ್ರೆ ಆ ಮುಚ್ಚಳ ಬೇಡ.

ಹಪ್ಪಳಕ್ಕೆ ಸೋರೋ ತೊಂದ್ರೆ ಇಲ್ಲ, ಅದಕ್ಕೆ ಬೇರೆ ತೊಂದ್ರೆ. ಏರ್ ಕೊರಿಯರ್‌ನವರು ತೂಕ ಒಂದೇ ನೋಡಲ್ಲ, ಡಬ್ಬಿಯ ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಗುಣಿಸಿ 5000ದಿಂದ ಭಾಗಿಸ್ತಾರೆ, ಬಂದಿದ್ದು ನಿಜವಾದ ತೂಕಕ್ಕಿಂತ ಜಾಸ್ತಿ ಇದ್ರೆ ಅದಕ್ಕೇ ಬಿಲ್ಲು. 40, 30, 30ರ ಡಬ್ಬಿಲಿ ಹಲಸಿನ ಹಪ್ಪಳ 4 ಕೆಜಿ ಇದ್ರೂ ನೀವು ದುಡ್ಡು ಕೊಡೋದು 7.2 ಕೆಜಿಗೆ. ಅದಕ್ಕೇ ಹಪ್ಪಳದ ಸೈಜ್ ನೋಡಿ ಅಳತೆಗೆ ಸರಿಯಾಗಿ ಡಬ್ಬಿ ಮಾಡಿಸ್ಬೇಕು, ಅಂಗಡಿಲಿ ಸಿಕ್ಕಿದ ಡಬ್ಬಿಗೆ ಹಪ್ಪಳ ತುಂಬೋದಲ್ಲ.

ಕಳಿಸೋದು, ದುಡ್ಡು ತಗೊಳೋದು

ಒಂದೆರಡು ಡಬ್ಬಿ ಆದ್ರೆ ಅಂಚೆ ಕಚೇರಿನೇ ಸಾಕು, ಡಾಕ್ ಘರ್ ನಿರ್ಯಾತ್ ಕೇಂದ್ರ ಅಂತ ಮಾಡಿದಾರೆ, ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್ (ಅಂಚೆಲಿ ಕಳಿಸೋ ಮಾಲಿನ ಕಸ್ಟಮ್ಸ್ ಫಾರಂ) ಆನ್‌ಲೈನಲ್ಲೇ ಹಾಕ್ಬಹುದು. ಜಾಸ್ತಿ ಆದ್ರೆ ಹಡಗು, ಪೂರ್ತಿ ಕಂಟೇನರ್ ತುಂಬದಿದ್ರೆ ಬೇರೆಯವರ ಮಾಲಿನ ಜೊತೆ ಹಂಚ್ಕೊಂಡು ಕಳಿಸೋದಿದೆ, ಎಲ್‌ಸಿಎಲ್ ಅಂತಾರೆ. ಆಗ ಕಸ್ಟಮ್ಸ್ ಏಜೆಂಟ್ ಬೇಕೇ ಬೇಕು. ಎಚ್‌ಎಸ್ ಕೋಡ್ (ಯಾವ ಮಾಲು ಅಂತ ಕಸ್ಟಮ್ಸ್ ಗುರುತಿಸೋ ನಂಬರ್) ಅವರ ಹತ್ರ ಖಚಿತ ಮಾಡ್ಕೊಳಿ, ಉಪ್ಪಿನಕಾಯಿ ಸಾಮಾನ್ಯವಾಗಿ 2001ರ ಅಡಿ, ಹಪ್ಪಳ 1905ರ ಅಡಿ ಬರತ್ತೆ. ಮರದ ಪ್ಯಾಲೆಟ್ ಬಳಸಿದ್ರೆ ಅದಕ್ಕೆ ಹುಳ ಸಾಯೋ ಹಾಗೆ ಶಾಖ ಕೊಟ್ಟ ಗುರುತಿನ ಸೀಲ್ ಇರ್ಬೇಕು, 56 ಡಿಗ್ರಿಲಿ 30 ನಿಮಿಷ ಅಂತ ಅಂತಾರಾಷ್ಟ್ರೀಯ ನಿಯಮ. ಉಪ್ಪಿನಕಾಯಿ ಎಲ್ಲ ಸರಿ ಇದ್ದು ಕೆಳಗಿನ ಹಲಗೆ ದೆಸೆಯಿಂದ ಮಾಲು ನಿಂತ್ರೆ ಹೊಟ್ಟೆ ಉರಿಯತ್ತೆ.

ರೇಟ್ ಹೇಳುವಾಗ ಯಾವ ಜಾಗದವರೆಗಿನ ರೇಟು ಅಂತ ಸೇರಿಸಿ ಹೇಳಿ. ಎಕ್ಸ್ ವರ್ಕ್ಸ್ ಅಂದ್ರೆ ನಿಮ್ಮ ಮನೆ ಬಾಗಿಲಲ್ಲಿ, ಎಫ್‌ಒಬಿ ಅಂದ್ರೆ ಇಲ್ಲಿನ ಬಂದರಲ್ಲಿ ಹಡಗಿಗೆ ಏರಿಸೋವರೆಗೆ, ಸಿಐಎಫ್ ಅಂದ್ರೆ ಅವರ ಬಂದರಿನವರೆಗಿನ ಬಾಡಿಗೆ, ಇನ್ಶೂರೆನ್ಸ್ ಸೇರಿ. ಇದನ್ನ ಹೇಳದೇ "ಬಾಟಲಿಗೆ 250" ಅಂತ ವಾಟ್ಸಾಪಲ್ಲಿ ಹಾಕಿದ್ರೆ ಅವನು ದುಬೈಗೆ ಮುಟ್ಟಿಸಿ 250 ಅಂತ ಅಂದ್ಕೋತಾನೆ, ನೀವು ಶಿರಸಿಲಿ 250 ಅಂತ.

ಮೊದಲ ಆರ್ಡರಿಗೆ ಪೂರ್ತಿ ಅಡ್ವಾನ್ಸ್ ಕೇಳಿ, ಸಂಕೋಚ ಬೇಡ. ಒಪ್ಪದಿದ್ರೆ ಅರ್ಧ ಮೊದಲು, ಅರ್ಧ ಮಾಲು ಹಡಗಿಗೆ ಏರಿಸಿದ ರಸೀದಿ (ಬಿಲ್ ಆಫ್ ಲೇಡಿಂಗ್) ಕಾಪಿ ತೋರಿಸಿದ್ಮೇಲೆ. ನೆಂಟರ ಪರಿಚಯ ಅಂತ ಸಾಲ ಕೊಟ್ಟು ಕಳ್ಕೊಂಡೋರು ನಮ್ಮೂರಲ್ಲೇ ಇದಾರೆ, ಊರಲ್ಲಾದ್ರೆ ಮನೆಗೆ ಹೋಗಿ ಕೇಳ್ಬಹುದು, ಶಾರ್ಜಾಕ್ಕೆ ಹೋಗಿ ಯಾರು ಕೇಳ್ತಾರೆ? ಸಾಲದ ಮೇಲೇ ಕೊಡ್ಬೇಕಾದ ಪರಿಸ್ಥಿತಿ ಬಂದ್ರೆ ಇಸಿಜಿಸಿ ಅನ್ನೋ ಸರ್ಕಾರಿ ಇನ್ಶೂರೆನ್ಸ್ ಕಂಪನಿ ಇದೆ, ಗಿರಾಕಿ ದುಡ್ಡು ಕೊಡದಿದ್ರೆ ಪಾಲಿಸಿ ಪ್ರಕಾರ ನಷ್ಟ ತುಂಬಿಕೊಡತ್ತೆ. ಮತ್ತೆ ದುಡ್ಡು ಬರೋದು ಕರೆಂಟ್ ಅಕೌಂಟಿಗೇ ಬರ್ಬೇಕು. ಅಣ್ಣನ ಮಗನ ಸೇವಿಂಗ್ಸಿಗೆ ಹಾಕಿಸ್ಕೊಂಡ್ರೆ ಎಕ್ಸ್‌ಪೋರ್ಟ್ ದುಡ್ಡು ಬಂತು ಅಂತ ಬ್ಯಾಂಕಿಗೂ ಡಿಜಿಎಫ್‌ಟಿಗೂ ಲೆಕ್ಕ ತೋರ್ಸೋಕಾಗಲ್ಲ, ನಿಮ್ಮ ಶಿಪ್ಪಿಂಗ್ ಬಿಲ್ (ಕಸ್ಟಮ್ಸಿಗೆ ಕೊಟ್ಟ ಎಕ್ಸ್‌ಪೋರ್ಟ್ ಪತ್ರ) ಬಾಕಿ ಅಂತಲೇ ಉಳ್ಕೊಳತ್ತೆ.

ಪ್ರತಿ ಬ್ಯಾಚಿಂದ ಎರಡು ಬಾಟಲಿ ತೆಗೆದು ಮನೆ ಅಟ್ಟದ ಮೇಲೆ ಇಡಿ, ಲೇಬಲಲ್ಲಿ ಬರೆದಿರೋ ಕೊನೆ ತಾರೀಖು ದಾಟೋವರೆಗೂ ಮುಟ್ಬೇಡಿ. ಅಲ್ಲಿಂದ ಯಾರಾದ್ರೂ ಬೂಷ್ಟು ಬಂದಿದೆ ಅಂತ ಫೋಟೋ ಕಳಿಸಿದ್ರೆ ಇಲ್ಲಿ ಅದೇ ಬ್ಯಾಚಿನ ಬಾಟಲಿ ತೆಗೆದು ನೋಡ್ಬಹುದು.

ಇನ್ನೊಂದು ಮರೆತಿದ್ದೆ. ಐಇಸಿಯನ್ನ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಸೈಟಲ್ಲಿ ಅಪ್‌ಡೇಟ್ ಮಾಡ್ಬೇಕು, ಏನೂ ಬದಲಾವಣೆ ಇಲ್ಲದಿದ್ರೂ ಸರಿ, ಇಲ್ಲಾಂದ್ರೆ ಕೋಡ್ ನಿಷ್ಕ್ರಿಯ ಆಗತ್ತೆ. ಎಲ್‌ಯುಟಿನೂ ಏಪ್ರಿಲಿಗೆ ಹೊಸದು. ಮಿಡಿ ಕೊಯ್ದು ಉಪ್ಪು ಹಾಕೋ ಗಡಿಬಿಡಿ, ಅದು ಮುಗಿಯೋದ್ರೊಳಗೆ ಹಲಸಿನ ಹಪ್ಪಳದ್ದು, ಎಲ್ಲ ಸರಿಯಾಗಿ ಅದೇ ತಿಂಗಳುಗಳಲ್ಲಿ. ಅತ್ತಿಗೆ ಈಗ ಭರಣಿ ಇಡೋ ಕೋಣೆಯ ಬಾಗಿಲ ಹಿಂದೆ ಕ್ಯಾಲೆಂಡರ್ ನೇತುಹಾಕಿ ಕೆಂಪು ಪೆನ್ನಲ್ಲಿ ಬರೆದಿಟ್ಟಿದ್ದಾಳೆ, ಒಂದು ಸಾಲು "ಉಪ್ಪುನೀರು ನೋಡುವುದು", ಅದರ ಕೆಳಗೆ "ಐಇಸಿ".